ಸ್ಕಿಫ್

ಒಬ್ಬಿಬ್ಬರೇ ಸಂಭಾಳಿಸಬಹುದಾದ ಹಗುರ ದೋಣಿಗೆ ಇಂಗ್ಲಿಷಿನಲ್ಲಿ ‘ಸ್ಕಿಫ್’ ಎನ್ನುತ್ತಾರೆ. ದೋಣಿ ಚಿಕ್ಕದಾದರೂ ಪದ ಬಹಳ ದೂರ ಸುತ್ತಿ ಬಂದಿದೆ. ಪ್ರಾಚೀನ ಜರ್ಮನ್ ಮೂಲದ ಇದು ಇಟಲಿಯಲ್ಲಿ ‘ಸ್ಕೀಫೊ’, ಫ್ರೆಂಚರಲ್ಲಿ ‘ಎಸ್ಕೀಫ್’ ಆಗಿ ಇಂಗ್ಲಿಷಿಗೆ ಇಳಿಯಿತು. ‘ಶಿಪ್’ ಕೂಡ ಅದೇ ಬೇರಿನದು. ಡಚ್ಚರಿಂದ ಬಂದ ‘ಸ್ಕಿಪ್ಪರ್’ ಸಹ ಇದರ ದಾಯಾದಿಯೇ. ‘ಸ್ಕಿಪ್ಪರ್’ ಎನಿಸುವ ಕ್ರಿಕೆಟ್ ನಾಯಕ ಮೂಲದಲ್ಲಿ ದೋಣಿಯ ಯಜಮಾನ!

ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳ ಸುತ್ತ ಈ ಪದಕ್ಕೆ ಬಿಡುವಿಲ್ಲ. ಅಲ್ಲಿ ಮೊಣಕಾಲುದ್ದದ ಉಪ್ಪುನೀರು, ಅಡಿಯಲ್ಲಿ ಮರಳು, ಕಡಲಹುಲ್ಲು. ಅಲ್ಲಿ ಗಾಳಗಾರರು ಸ್ಕಿಫ್ ಏರಿ ಹುಡುಕುವ ಬೋನ್‌ಫಿಶ್ ಎಂಬ ಮೀನು ಮಹಾ ಪುಕ್ಕಲು, ಸದ್ದಾದರೆ ಪರಾರಿ. ಆದ್ದರಿಂದ ಅವರನ್ನು ಕರೆದೊಯ್ಯುವ ಗೈಡ್ ಎಂಜಿನ್ ಆರಿಸಿ ಮೇಲೆತ್ತಿ, ಅದರ ಮೇಲಿನ ಅಟ್ಟಣೆ ಹತ್ತಿ, ಸುಮಾರು 20 ಅಡಿಯ ಕೋಲಿನಿಂದ ತಳಕ್ಕೊತ್ತಿ ದೋಣಿ ನೂಕುತ್ತಾನೆ. ನಮ್ಮ ಅಂಬಿಗರ ಜಲ್ಲೆಯದೇ ಕೆಲಸ. ಬಿದಿರಿನ ಬದಲು ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಫೈಬರ್, ಅಷ್ಟೆ.

ಮೀನು ಕಂಡರೆ ಗೈಡ್ ಗಡಿಯಾರದ ಭಾಷೆಯಲ್ಲಿ ಪಿಸುಗುಡುತ್ತಾನೆ. ದೋಣಿಯ ಮೂತಿ 12 ಗಂಟೆ. “11 ಗಂಟೆ, 40 ಅಡಿ” ಎಂದರೆ ತುಸು ಎಡಕ್ಕೆ, ಅಷ್ಟು ದೂರಕ್ಕೆ ಗಾಳ ಬೀಸಬೇಕು. ಮುಂದೆ ನಿಂತ ಗಾಳಗಾರನ ಕಾಲಬುಡದಲ್ಲಿ ದಾರ ಸುರುಳಿಯಾಗಿ ಬಿದ್ದಿರುತ್ತದೆ. ಅದು ಸಿಕ್ಕಿಕೊಳ್ಳದಂತೆ ಹಗ್ಗ ಕಟ್ಟುವ ಗೂಟಗಳನ್ನೂ ಮಡಚಿ ಅಡಗಿಸುವಂತೆ ಮಾಡಿರುತ್ತಾರೆ. ಇಷ್ಟೆಲ್ಲ ಮಾಡಿ ಹಿಡಿದ ಬೋನ್‌ಫಿಶ್ಶನ್ನು ನೀರಿಗೇ ಬಿಡಬೇಕು: ಫ್ಲಾರಿಡಾದ ನಿಯಮವೇ ಹಾಗೆ.

ಪದ ಮೀನುಗಾರಿಕೆಗಷ್ಟೇ ಮೀಸಲಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಓಡಿಸಿದ ‘ಫಾರ್ಟಿನೈನರ್’ ಹಾಯಿದೋಣಿಯೂ ಸ್ಕಿಫ್ ಜಾತಿಯದೇ.