ಗಂಟು ಹೊತ್ತು ಪರದೇಶಕ್ಕೆ

ಪರದೇಶಕ್ಕೆ ಹೋಗಬೇಕಾದರೆ ಹಡಗೋ ವಿಮಾನವೋ ಬೇಕೆಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಅಳವಂಡಿಯವರಿಗೆ ಒಂದು ಕಾಲಕ್ಕೆ ಹೆಗಲ ಮೇಲೊಂದು ಗಂಟು, ಕಾಲಲ್ಲಿ ಕಸುವು ಇದ್ದರೆ ಸಾಕಾಗಿತ್ತು. ಅಳವಂಡಿ ನಿಜಾಮರ ಸೀಮೆ. ನೆರೆಯ ಮುಂಡರಗಿ ಮುಂಬಯಿ ಪ್ರಾಂತ.

ಒಂಟಿಯಾಗಿ ಗಡಿ ದಾಟಿದವನಿಗೆ ಮೊದಲು ಕೈಕೊಡುತ್ತಿದ್ದುದು ಕಿಸೆಯ ಹಣ. ಅಲ್ಲಿಯ 100 ರೂಪಾಯಿಗೆ ಇಲ್ಲಿಯ ಹಾಲಿ ಸಿಕ್ಕಾ 116ಕ್ಕೂ ತುಸು ಹೆಚ್ಚು ತೆರಬೇಕು. ಸರಕಿದ್ದರೆ ಕರೋಡಗಿರಿಯವರಿಗೆ ಸುಂಕ. ವರ್ಷದ ಎಣಿಕೆಯೂ ಬೇರೆ: 1947ರ ಆಗಸ್ಟ್ 15ರಂದು ಮುಂಡರಗಿ ಸ್ವತಂತ್ರ ಭಾರತದ್ದಾದಾಗ ಅಳವಂಡಿಯ ಸರ್ಕಾರಿ ಕಾಗದಗಳಲ್ಲಿ ಫಸಲಿ 1356! ಆದರೆ ಉರ್ದು ಕಚೇರಿಯನ್ನು ಹಿಂದೆ ಬಿಟ್ಟು ಬಂದವನು ಬಾಯಾರಿ ನೀರು ಕೇಳಿದ್ದು ಕನ್ನಡದಲ್ಲಿ. ಉತ್ತರ ಬಂದದ್ದೂ ಕನ್ನಡದಲ್ಲಿ. ಪರದೇಶಿಗೆ ಇದಕ್ಕಿಂತ ಸೋಜಿಗವುಂಟೆ?

ಮುಂದೆ ಹದಿಮೂರು ತಿಂಗಳು ರಜಾಕಾರರ ಹಾವಳಿಗೆ ಊರು ಬಿಟ್ಟವರೂ ಹೋರಾಟಕ್ಕೆ ಹೊರಟವರೂ ಈ ಗಡಿಯನ್ನು ದಾಟಿದರು. ಮುಂಡರಗಿಯ ಶಿಬಿರವನ್ನು ನಡೆಸಿದವರು ಅಳವಂಡಿ ಶಿವಮೂರ್ತಿಸ್ವಾಮಿಯವರು. ತಮ್ಮ ಊರನ್ನು ಬಿಡಿಸಿಕೊಳ್ಳಲು ಅವರು ಪರನಾಡಿನಲ್ಲಿ ನೆಲೆಯೂರಬೇಕಾಯಿತು. 1858ರಲ್ಲಿ ಮುಂಡರಗಿ ಭೀಮರಾಯರು ಇದೇ ಗಡಿಯನ್ನು ಎದುರು ದಿಕ್ಕಿಗೆ ದಾಟಿ ಕೊಪ್ಪಳದ ಕೋಟೆಯಲ್ಲಿ ಮಡಿದಿದ್ದರು. ಎರಡು ಊರುಗಳ ನಡುವೆ ಅದೊಂದು ಹಳೆಯ ಋಣವೆಂದು ನನಗೆ ತೋರುತ್ತದೆ. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಸ್ವಾಮಿಯವರು 1952ರಲ್ಲಿ ಲೋಕಸಭೆಗೆ ಆರಿಸಿಹೋದರು. 1956ರಲ್ಲಿ ಎರಡೂ ಊರುಗಳು ಒಂದೇ ರಾಜ್ಯಕ್ಕೆ ಸೇರಿದವು.

ಈಚೆಗೆ ಅಳವಂಡಿಯಿಂದ ಮುಂಡರಗಿಗೆ ಬಸ್ಸಿನಲ್ಲಿ ಹೋದೆ. ಹಳೆಯ ಗಡಿ ಎಲ್ಲಿ ಬರುತ್ತದೆಂದು ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ.

“ಆಗ್ಲೇ ದಾಟಿ ಬಂದೇವಲ್ರೀ” ಎಂದರು.