ಡಿಸ್ಕ್ ಕೈಕೊಡುವ ಮುನ್ನ: ಕೃತಕ ದೋಷ ಪರೀಕ್ಷೆ ಬೆಳೆದ ಬಗೆ

ಡಿಸ್ಕ್‌ನ ದೋಷಗಳನ್ನು ಎದುರಿಸಲೆಂದೇ ಬರೆದ ಕೋಡ್ ಪ್ರತಿ ಆಪರೇಟಿಂಗ್ ಸಿಸ್ಟಂನಲ್ಲೂ ಇರುತ್ತದೆ. ಡಿಸ್ಕ್ ನೆಟ್ಟಗಿರುವಷ್ಟು ಕಾಲ ಅದಕ್ಕೆ ಕೆಲಸವಿಲ್ಲ. ಕೆಲಸ ಬೀಳುವ ಹೊತ್ತಿಗೆ ಬಳಕೆದಾರರ ಡೇಟಾ ಅಪಾಯದಲ್ಲಿರುತ್ತದೆ. ಅದನ್ನು ಮೊದಲೇ ಓಡಿಸಿ ನೋಡಬೇಕಾದರೆ ಚೆನ್ನಾಗಿರುವ ಡಿಸ್ಕ್‌ಗೂ ಬೇಕೆಂತಲೇ ದೋಷ ಬರಿಸಬೇಕು. ಯಾವ ಬಗೆಯ ದೋಷ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಡಿಸ್ಕ್ ಹೇಗೆ ಕೆಡುತ್ತದೆ ಎಂಬ ತಿಳಿವಳಿಕೆ ಹರಿತವಾದಂತೆಲ್ಲ ಅಡಗಿದ್ದ ತಪ್ಪುಗಳು ಹೊರಬಿದ್ದಿವೆ.

1988ರಲ್ಲಿ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್, ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್ ವಿನ್ಯಾಸವನ್ನು ಮಂಡಿಸಿದಾಗ ಲೆಕ್ಕ ಸರಳವಾಗಿತ್ತು: ಕೆಟ್ಟರೆ ಇಡೀ ಡಿಸ್ಕ್ ಕೆಡುತ್ತದೆ, ಕೆಟ್ಟದ್ದು ತಿಳಿಯುತ್ತದೆ. ನಿಜವಾದ ಡಿಸ್ಕ್‌ಗಳು ಅಷ್ಟು ನೇರವಲ್ಲ. 15.3 ಲಕ್ಷ ಡಿಸ್ಕ್‌ಗಳನ್ನು 32 ತಿಂಗಳು ಗಮನಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ 3.45ರಷ್ಟು ಡಿಸ್ಕ್‌ಗಳಲ್ಲಿ ಓದಲಾಗದ ಸೆಕ್ಟರ್‌ಗಳು ಕಂಡುಬಂದವು. ಡಿಸ್ಕ್ ನಡೆಯುತ್ತಲೇ ಇರುತ್ತದೆ, ಅದರೊಳಗಿನ ಒಂದು ಚೂರು ಮಾತ್ರ ಹಾಳಾಗಿರುತ್ತದೆ.

ಈ ಅರೆಬರೆ ಕೆಡುವಿಕೆಯನ್ನೇ ಹಿಡಿದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡವು ಆ ಅಧ್ಯಯನಕ್ಕೂ ಮೊದಲೇ, 2005ರಲ್ಲಿ, 'ಐರನ್ ಫೈಲ್ ಸಿಸ್ಟಮ್ಸ್' ಪ್ರಬಂಧ ಮಂಡಿಸಿತು. ಅವರು ಫೈಲ್ ಸಿಸ್ಟಂನ ಕೆಳಗೆ ಒಂದು ತೆಳು ಪದರವನ್ನಿಟ್ಟರು. ಇದು ಇನೋಡ್, ಇದು ಜರ್ನಲ್, ಇದು ಡೈರೆಕ್ಟರಿ ಎಂದು ಬ್ಲಾಕ್‌ಗಳ ಬಗೆ ಗುರುತಿಸಿ ಒಂದೊಂದಕ್ಕೂ ದೋಷ ತೂರಿಸಿದರು. ಎಕ್ಸ್ಟ್3 ಫೈಲ್ ಸಿಸ್ಟಂ ಬರಹದ ಎಷ್ಟೋ ದೋಷಗಳನ್ನು ಗಮನಿಸಲೇ ಇಲ್ಲ. ರೈಸರ್‌ಎಫ್‌ಎಸ್ ಬರಹ ತಪ್ಪಿದೊಡನೆ ಇಡೀ ಯಂತ್ರವನ್ನೇ ನಿಲ್ಲಿಸಿತು. ಎನ್‌ಟಿಎಫ್‌ಎಸ್ ಓದು ವಿಫಲವಾದರೆ ಏಳು ಸಲದವರೆಗೂ ಮತ್ತೆ ಯತ್ನಿಸಿತು. ಒಂದೇ ದೋಷಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ.

ಮುಂದೆ ಇಂಥ ಉಪಕರಣಗಳು ಲಿನಕ್ಸ್ ಕರ್ನಲ್‌ನೊಳಗೇ ಸೇರಿದವು. 2007ರ 2.6.20 ಆವೃತ್ತಿಯಲ್ಲಿ ಅಕಿನೋಬು ಮಿತಾ ಅವರ ದೋಷ ತೂರಿಸುವ ಚೌಕಟ್ಟು ಬಂತು. ಡಿಸ್ಕ್‌ಗೆ ಹೋಗುವ ನೂರು ಕೋರಿಕೆಗಳಲ್ಲಿ ಎಷ್ಟು ಸೋಲಬೇಕೆಂದು ಅದಕ್ಕೆ ಹೇಳಬಹುದು. ಡಿವೈಸ್ ಮ್ಯಾಪರ್‌ನ 'ಫ್ಲೇಕಿ' ಉಪಕರಣ ಕೆಲವು ಸೆಕೆಂಡ್ ಸರಿಯಾಗಿದ್ದು ಕೆಲವು ಸೆಕೆಂಡ್ ಕೈಕೊಡುತ್ತದೆ. ಬೇಕಾದರೆ ಬರಹಗಳನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. 2019ರ 'ಡಸ್ಟ್' ಇನ್ನೂ ನೈಜ: ನಾವು ಗುರುತಿಸಿದ ಬ್ಲಾಕ್ ಓದಲು ಬರುವುದಿಲ್ಲ, ಅದರ ಮೇಲೆ ಹೊಸದಾಗಿ ಬರೆದರೆ ಸರಿಹೋಗುತ್ತದೆ. ಕೆಟ್ಟ ಸೆಕ್ಟರ್‌ನ ಬದಲಿಗೆ ಮೀಸಲು ಸೆಕ್ಟರ್ ಕೊಡುವ ಡಿಸ್ಕ್‌ನ ನಡವಳಿಕೆಯೂ ಹೀಗೆಯೇ.

ಇಷ್ಟಿದ್ದರೂ 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಗಕ್ಕೆ ಆಘಾತ ಕಾದಿತ್ತು. ಬರಹ ವಿಫಲವಾದಾಗ, ಡೇಟಾ ಡಿಸ್ಕ್ ಸೇರಿದ್ದನ್ನು ಖಚಿತಪಡಿಸಬೇಕಾದ ಲಿನಕ್ಸ್‌ನ ಎಫ್‌ಸಿಂಕ್ ಒಮ್ಮೆ ದೋಷ ತಿಳಿಸುತ್ತಿತ್ತು. ಆದರೆ ಕರ್ನಲ್ ಮೆಮೊರಿಯಲ್ಲಿದ್ದ ಆ ಡೇಟಾದ ಪುಟಕ್ಕೆ 'ಬರೆದಾಗಿದೆ' ಎಂಬ ಗುರುತು ಹಾಕಿಬಿಡುತ್ತಿದ್ದರಿಂದ, ಎರಡನೆಯ ಸಲ ಕರೆದರೆ 'ಎಲ್ಲ ಸರಿ' ಎಂಬ ಉತ್ತರ ಬರುತ್ತಿತ್ತು. ಡೇಟಾ ಮಾತ್ರ ಡಿಸ್ಕ್ ಸೇರಿರುತ್ತಿರಲಿಲ್ಲ. 2019ರಿಂದ ಪೋಸ್ಟ್‌ಗ್ರೆಸ್ ಇಂಥ ಸಂದರ್ಭದಲ್ಲಿ ತಾನೇ ನಿಂತು, ಲಾಗ್‌ನಿಂದ ಚೇತರಿಸಿಕೊಳ್ಳುತ್ತದೆ. ವಿಸ್ಕಾನ್ಸಿನ್ ಸಂಶೋಧಕರು 2020ರಲ್ಲಿ ಮೂರು ಫೈಲ್ ಸಿಸ್ಟಂಗಳ ಮೇಲೆ ಐದು ತಂತ್ರಾಂಶಗಳನ್ನು ಇದೇ ದೋಷಕ್ಕೆ ಒಡ್ಡಿದರು. ಅವು ಅನುಸರಿಸಿದ ಯಾವ ಉಪಾಯವೂ ಸಾಲಲಿಲ್ಲ.

ಮೂರು ದಶಕಗಳಲ್ಲಿ ಪರೀಕ್ಷೆಯ ಗುರಿ ಕೆಳಗಿನ ಪದರದಿಂದ ಮೇಲಕ್ಕೆ ಸರಿದಿದೆ. ಒಂದು ಪದರ ದೋಷವನ್ನು ಕಂಡುಹಿಡಿದರಷ್ಟೇ ಸಾಲದು. ಆ ಸುದ್ದಿ ಕಟ್ಟಕಡೆಯ ತಂತ್ರಾಂಶಕ್ಕೆ ಮುಟ್ಟಿ, ಅಲ್ಲಿ ಸರಿಯಾಗಿ ಅರ್ಥವಾಗಬೇಕು. ಓದು ಬರಹದ ವೇಗವನ್ನು ಅಳೆಯುವಷ್ಟೇ ಕಾಳಜಿಯಿಂದ ಇದನ್ನೂ ಅಳೆಯಬೇಕು. ಉಪಕರಣಗಳು ಕರ್ನಲ್‌ನಲ್ಲೇ ಇರುವಾಗ, ಪರೀಕ್ಷಿಸದೆ ಬಿಡುವುದಕ್ಕೆ ನೆಪ ಉಳಿದಿಲ್ಲ.