ಬಾಡಿ ಇಟಲಿಯದು, ಎಂಜಿನ್ ಅಮೆರಿಕದ್ದು

ಮರ್ಸಿಡಿಸ್ ಎಸ್ಎಲ್‌ಗೆ ಸೆಡ್ಡು ಹೊಡೆಯೋಕೆ ಕ್ಯಾಡಿಲಾಕ್ ತಂದ ಎರಡು ಸೀಟಿನ ಕಾರು ಅಲಾಂಟೆ. ಟ್ಯೂರಿನ್ ಬಳಿ ಪಿನಿನ್‌ಫರೀನಾದವರು ಬಾಡಿ ಕಟ್ಟಿ, ಬಣ್ಣ ಹಚ್ಚಿ ಕೊಡೋರು. ಅದಕ್ಕಂತಲೇ ಸಜ್ಜು ಮಾಡಿದ ಬೋಯಿಂಗ್ 747 ವಿಮಾನದಲ್ಲಿ ಒಂದು ಸಲಕ್ಕೆ 56 ಬಾಡಿ ಡೆಟ್ರಾಯಿಟ್‌ಗೆ ಹಾರೋವು. ಎಂಜಿನ್, ಸಸ್ಪೆನ್ಷನ್ ಕೂರಿಸೋದು ಅಲ್ಲಿ. ನಮ್ಮ ಆಫ್‌ಶೋರ್–ಆನ್‌ಸೈಟ್ ಹ್ಯಾಂಡೋವರ್ ಥರಾನೇ, ಆದ್ರೆ ಇಲ್ಲಿ ಹೋಗ್ತಿದ್ದದ್ದು ಕೋಡ್ ಅಲ್ಲ, ತಗಡು! ವಿಮಾನದ ಖರ್ಚೆಲ್ಲ ಸೇರಿ 1987ರಲ್ಲೇ ಬೆಲೆ 54,000 ಡಾಲರ್ ದಾಟಿತ್ತು. ಅಷ್ಟು ಕೊಟ್ಟವರಿಗೆ ಸಿಕ್ಕಿದ್ದು ಬರೀ 170 ಅಶ್ವಶಕ್ತಿ. ನನ್ನ ಪ್ರಕಾರ ಎಡವಿದ್ದು ಇಲ್ಲೇ: ದುಡ್ಡು ಆಕಾಶಕ್ಕೆ ಸುರಿದ್ರು, ಎಂಜಿನ್ನಿಗೆ ಉಳಿಸಲಿಲ್ಲ. 295 ಅಶ್ವಶಕ್ತಿಯ ನಾರ್ತ್‌ಸ್ಟಾರ್ ಎಂಜಿನ್ ಬಂದಿದ್ದು 1993ರ ಮಾಡೆಲ್‌ಗೆ. ಅದೇ ವರ್ಷ ಅಲಾಂಟೆ ನಿಂತುಹೋಯ್ತು.